ಇಂಗ್ಲಿಷಿನಲ್ಲಿ ಬಾಯಿಗೆ ಅದದೇ ಪದ ಬರುತ್ತಿದೆಯಾ? ಡಿಕ್ಷನರಿ, ಆ್ಯಪ್, ಪೇಪರ್, ಕ್ಲಾಸು: ಯಾರಿಗೆ ಯಾವುದು ಸರಿ

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕೆಲಸಕ್ಕೋ ಪರೀಕ್ಷೆಗೋ ಇಂಗ್ಲಿಷ್ ಬಳಸುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮಾತು ಹೇಗೋ ನಡೆಯುತ್ತೆ. ಆದ್ರೆ ಸಿನಿಮಾನೂ ಗುಡ್, ಊಟಾನೂ ಗುಡ್, ಮ್ಯಾನೇಜರೂ ಗುಡ್. ಬೇರೆ ಪದಾನೇ ಬರಲ್ಲ. ಆ್ಯಪ್ ಹಾಕ್ಕೊಳ್ಳಲಾ, ಒಳ್ಳೆ ಡಿಕ್ಷನರಿ ತಗೊಳ್ಳಲಾ, ಪೇಪರ್ ಓದಲಾ, ಕ್ಲಾಸಿಗೆ ಸೇರಲಾ?"

ಇವೆಲ್ಲದರಿಂದಲೂ ಉಪಯೋಗ ಇದೆ. ಆದರೆ ಎಲ್ಲರಿಗೂ ಒಂದೇ ಥರ ಅಲ್ಲ. ವಿದೇಶಕ್ಕೆ ಹೋಗಲು ಪರೀಕ್ಷೆ ಬರೆಯುವವರಿಗೆ ಬೇಕಾದದ್ದೇ ಬೇರೆ, ದಿನಾ ನಾಲ್ಕು ಮೇಲ್ ಬರೆಯುವವರಿಗೆ ಬೇಕಾದದ್ದೇ ಬೇರೆ. ಹಾಗಾಗಿ ಯಾವುದನ್ನು ಆರಿಸಬೇಕು ಅನ್ನುವ ಮೊದಲು, ಏನು ನೋಡಿ ಆರಿಸಬೇಕು ಅನ್ನೋದನ್ನ ಹೇಳುತ್ತೇನೆ.

ಏನು ನೋಡಿ ಆರಿಸಬೇಕು

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಆ ದಾರಿ ನಿಮಗೆ ಪದವನ್ನು ಒಂಟಿಯಾಗಿ ಕೊಡುತ್ತದೋ, ಅದರ ಜೊತೆಗಾರರ ಸಮೇತ ಕೊಡುತ್ತದೋ?

ನಮ್ಮ ಮಾತನ್ನೇ ನೋಡಿ. ಅನ್ನ ಹಳಸುತ್ತದೆ. ಟೊಮೆಟೊ ಕೊಳೆಯುತ್ತದೆ. ಹಾಲು ಒಡೆಯುತ್ತದೆ. ಹಿಟ್ಟು ಮುಗ್ಗುತ್ತದೆ. ಎಣ್ಣೆ ಕಮಟು ವಾಸನೆ ಬರುತ್ತದೆ. ಎಲ್ಲದರ ಅರ್ಥ 'ಕೆಟ್ಟುಹೋಯಿತು' ಅಂತಲೇ. ಆದರೂ 'ಅನ್ನ ಒಡೆದಿದೆ' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಇಂಗ್ಲಿಷಿನಲ್ಲೂ ಹೀಗೇ. ಹಾಲು 'ಸವರ್', ಬ್ರೆಡ್ 'ಸ್ಟೇಲ್', ಹಣ್ಣು 'ರಾಟನ್', ಬೆಣ್ಣೆ 'ರ‍್ಯಾನ್ಸಿಡ್'. ನಾಲ್ಕೂ ಪದದ ಮುಂದೆ 'ಕೆಟ್ಟ' ಅಂತ ಬರೆದುಕೊಂಡು ಬಾಯಿಪಾಠ ಮಾಡಿದರೆ ಪದ ನಾಲ್ಕು ಬಂತು, ಬಳಕೆ ಒಂದೂ ಬರಲಿಲ್ಲ.

ಇನ್ನೊಂದು ಕಡೆಯಿಂದಲೂ ಇದು ಕಾಡುತ್ತದೆ. ನಮಗೆ ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ದನಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಜ್ವರ 'ಹೈ', ದನಿ 'ಲೌಡ್'. ಈ ನಾಲ್ಕೂ ಪದ ನಿಮಗೆ ಹೈಸ್ಕೂಲಿನಿಂದಲೇ ಗೊತ್ತು. ಯಾವುದನ್ನು ಯಾವುದರ ಪಕ್ಕ ಇಡಬೇಕು ಅನ್ನೋದು ಮಾತ್ರ ಗೊತ್ತಾಗಬೇಕು. ಎಷ್ಟೋ ಜನಕ್ಕೆ ಬೇಕಾಗಿರುವುದು ಹೊಸ ಪದ ಅಲ್ಲ, ಗೊತ್ತಿರುವ ಪದದ ಹೊಸ ಜೋಡಿ.

ಎರಡನೆಯದು, ಆ ಪದ ಯಾರ ಮುಂದೆ ಸಲ್ಲುತ್ತದೆ ಅಂತ ಗೊತ್ತಾಗುತ್ತದೋ ಇಲ್ಲವೋ. 'ಸ್ಲಿಮ್' ಅಂದರೆ ಮೆಚ್ಚುಗೆ, 'ಸ್ಕಿನ್ನಿ' ಅಂದರೆ ಎದುರಿಗಿರುವವರಿಗೆ ಬೇಜಾರಾಗಬಹುದು. ಎರಡೂ ತೆಳ್ಳಗಿನವರ ಮಾತೇ.

ಮೂರನೆಯದು, ಓದಿದಾಗ ಗುರುತು ಸಿಗುವುದಷ್ಟೇ ಸಾಕಾ, ಬೇಕಾದಾಗ ಬಾಯಿಗೂ ಕೈಗೂ ಬರಬೇಕಾ. ಬರೀ ಗುರುತು ಸಿಗುವಂತೆ ಮಾಡುವ ದಾರಿಗಳು ಬಹಳ. ಬಾಯಿಗೆ ತರಿಸುವ ದಾರಿಗಳು ಕಮ್ಮಿ.

ಆಮೇಲೆ ದುಡ್ಡು ಮತ್ತು ಸಮಯ. ಅದನ್ನು ಒಂದೊಂದು ದಾರಿ ನೋಡುವಾಗ ಹೇಳುತ್ತೇನೆ.

ಸಮಾನಾರ್ಥಕ ಪದಗಳ ಪಟ್ಟಿ: ಮೊದಲು ಕೈ ಹೋಗುವುದು ಇಲ್ಲಿಗೇ

ಫೋನಿನಲ್ಲಿ ದಿನಾ ಓಡಾಡುವ ಚಿತ್ರಗಳು ನೋಡಿರುತ್ತೀರಿ. "'ವೆರಿ ಗುಡ್' ಅನ್ನಬೇಡಿ, ಈ ಪದಗಳನ್ನು ಬಳಸಿ" ಅಂತ ಒಂದು ಪಟ್ಟಿ. ದೊಡ್ಡ ರೂಪದಲ್ಲಿ ಇದೇ ಥೆಸಾರಸ್. ನೋಡಲು ಆಸೆಯಾಗುತ್ತದೆ, ಬಿಟ್ಟಿ ಸಿಗುತ್ತದೆ, ಒಂದೇ ನಿಮಿಷದ ಕೆಲಸ.

ಆದರೆ ಥೆಸಾರಸ್ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಪೀಟರ್ ಮಾರ್ಕ್ ರೊಜೆ ಅನ್ನುವ ವೈದ್ಯರು 1852ರಲ್ಲಿ ಅದನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಪದಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸದೆ, ಅರ್ಥದ ಪ್ರಕಾರ ಸುಮಾರು 1000 ತಲೆಬರಹಗಳ ಕೆಳಗೆ ಇಟ್ಟರು. ಅರ್ಥ ಮನಸ್ಸಿನಲ್ಲಿದೆ, ಪದ ನಾಲಿಗೆ ತುದಿಯಲ್ಲಿದೆ, ನೆನಪಾಗುತ್ತಿಲ್ಲ ಅನ್ನುವವರಿಗಾಗಿ ಮಾಡಿದ್ದು. ಅಂದರೆ ಆ ಪದ ಮೊದಲೇ ಗೊತ್ತಿರುವವರಿಗೆ. ನಾವು ಅದನ್ನು ಹೊಸ ಪದ ಕಲಿಯಲು ಹಿಡಿದಾಗ ಎಡವಟ್ಟಾಗುತ್ತದೆ. 'ಫೇಮಸ್' ಪದದ ಸುತ್ತ ಹುಡುಕಿದರೆ 'ನೋಟೋರಿಯಸ್' ಕೂಡ ಸಿಗುತ್ತದೆ. "ನಮ್ಮೂರಿನ ನೋಟೋರಿಯಸ್ ಡಾಕ್ಟರ್" ಅಂತ ಬರೆದರೆ, ಪಾಪ ಆ ಡಾಕ್ಟರ್ ಕೆಟ್ಟ ಹೆಸರು ಹೊತ್ತುಕೊಳ್ಳಬೇಕಾಗುತ್ತದೆ.

ಹಾಗಾದರೆ ಬೇಡವೇ ಬೇಡವಾ? ಹಾಗೇನಿಲ್ಲ. ಇಂಗ್ಲಿಷ್ ಪುಸ್ತಕಗಳನ್ನು ವರ್ಷಗಟ್ಟಲೆ ಓದಿ, ಪದಗಳ ಪರಿಚಯ ಇದ್ದು, ಬರೆಯುವಾಗ ಮಾತ್ರ ಹೊಳೆಯದವರಿಗೆ ಇದು ತುಂಬಾ ಒಳ್ಳೆಯದು. ಪಟ್ಟಿಯಲ್ಲಿ ಮೊದಲೇ ಗೊತ್ತಿರುವ ಪದವನ್ನಷ್ಟೇ ಆರಿಸಿ. ಹೊಸದಾಗಿ ಕಂಡದ್ದನ್ನು ಅವತ್ತೇ ಮೇಲ್‌ನಲ್ಲಿ ಹಾಕಬೇಡಿ.

ಕಲಿಯುವವರ ಡಿಕ್ಷನರಿ: ನಾನು ಮೊದಲು ಹೇಳುವುದು ಇದನ್ನೇ

ಇಂಗ್ಲಿಷ್-ಕನ್ನಡ ನಿಘಂಟು ಬೇಡ ಅನ್ನುತ್ತಿಲ್ಲ. ಅರ್ಥ ಬೇಗ ಗೊತ್ತಾಗಬೇಕಾದರೆ ಅದೇ ಸರಿ. ಆದರೆ ಬಳಕೆ ಕಲಿಯಬೇಕಾದರೆ, ಇಂಗ್ಲಿಷ್ ಮನೆಮಾತಲ್ಲದವರಿಗೆಂದೇ ಮಾಡಿದ ಡಿಕ್ಷನರಿಗಳಿವೆ. ಎ. ಎಸ್. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಅಲ್ಲಿನ ವಿದ್ಯಾರ್ಥಿಗಳು ಎಲ್ಲೆಲ್ಲಿ ತಪ್ಪುತ್ತಾರೆ ಅಂತ ನೋಡಿ ನೋಡಿ ಒಂದು ಡಿಕ್ಷನರಿ ಕಟ್ಟಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಇವತ್ತು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅಂತ ನಮ್ಮ ಅಂಗಡಿಗಳಲ್ಲಿ ಸಿಗುವುದು ಅದರ ಮುಂದಿನ ರೂಪವೇ. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಸುಮಾರು 2000 ಸುಲಭ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಹೇಳುತ್ತದೆ. 1987ರ ಕಾಲಿನ್ಸ್ ಕೋಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಕೊಡುತ್ತದೆ. ಹಾಗಾಗಿ ಅರ್ಥ ಓದುತ್ತಲೇ ಬಳಕೆಯೂ ಕಣ್ಣಿಗೆ ಬೀಳುತ್ತದೆ.

ಒಂದು ಪದ ತೆಗೆದು ನೋಡೋಣ. ಪದಜೋಡಿಗಳಿಗೆಂದೇ ಇರುವ ಕೊಲೊಕೇಶನ್ ಡಿಕ್ಷನರಿಯಲ್ಲಿ 'ರೇನ್' ತೆಗೆದರೆ ಅದರ ಹಿಂದೆ ಬರುವ ಪದಗಳು ಸಾಲಾಗಿ ಸಿಗುತ್ತವೆ: 'ಲೈಟ್', 'ಸ್ಟೆಡಿ', 'ಹೆವಿ', 'ಟೊರೆನ್ಶಿಯಲ್'. ಆಮೇಲೆ ಮಳೆ ಏನು ಮಾಡುತ್ತದೆ: 'ಫಾಲ್', 'ಪೋರ್', ಕಿಟಕಿಗೆ ಬಡಿದರೆ 'ಲ್ಯಾಶ್'. ಸೋನೆ ಮಳೆ, ಜಡಿ ಮಳೆ, ತುಂತುರು ಅಂತ ನಾವು ಬೇರೆ ಬೇರೆ ಹೇಳುವ ಹಾಗೆಯೇ ಅವರಿಗೂ ಇದೆ. ಒಂದು ಪುಟ ಓದಿದರೆ ಮಲೆನಾಡಿನ ಒಂದು ಜುಲೈ ತಿಂಗಳನ್ನು ಇಂಗ್ಲಿಷಿನಲ್ಲಿ ಬರೆಯುವಷ್ಟು ಸಾಮಾನು ಕೈಗೆ ಬರುತ್ತದೆ.

ಖರ್ಚಿನ ಮಾತು. ಆಕ್ಸ್‌ಫರ್ಡ್, ಲಾಂಗ್‌ಮನ್, ಕಾಲಿನ್ಸ್ ಮೂವರ ಡಿಕ್ಷನರಿಯನ್ನೂ ನೆಟ್‌ನಲ್ಲಿ ಬಿಟ್ಟಿಯಾಗಿ ನೋಡಬಹುದು. ಪದದ ಉಚ್ಚಾರಣೆಯೂ ಕೇಳಿಸುತ್ತದೆ. ಪುಸ್ತಕವೇ ಬೇಕು ಅನ್ನುವವರು ಹೊಸದಕ್ಕೆ ದುಡ್ಡು ಸುರಿಯಬೇಕಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ನೋಡಿ. ಪದಜೋಡಿಗಳು ನಾಲ್ಕೈದು ವರ್ಷದಲ್ಲಿ ಬದಲಾಗುವುದಿಲ್ಲ, ಹಳೇ ಆವೃತ್ತಿಯಾದರೂ ನಡೆಯುತ್ತದೆ.

ಕಷ್ಟ ಎಲ್ಲಿದೆ ಅಂದರೆ, ಇದು ನಿಧಾನ. ಒಂದು ಪದಕ್ಕೆ ಐದು ನಿಮಿಷ ಹಿಡಿಯುತ್ತದೆ. ತಾನಾಗಿಯೇ ನಿಮ್ಮನ್ನು ಮಾತಾಡಿಸುವುದೂ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಅರ್ಥವೇ ಅರ್ಥವಾಗದ ಮಟ್ಟದಲ್ಲಿದ್ದರೆ ಇದನ್ನು ಸದ್ಯಕ್ಕೆ ಬಿಟ್ಟು, ಕೆಳಗೆ ಹೇಳುವ ಸುಲಭದ ಓದಿನಿಂದ ಶುರು ಮಾಡಿ.

ಫ್ಲ್ಯಾಶ್‌ಕಾರ್ಡ್ ಮತ್ತು ಆ್ಯಪ್

ಫ್ಲ್ಯಾಶ್‌ಕಾರ್ಡ್ ಅಂದರೆ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆದ ಸಣ್ಣ ರಟ್ಟು. ಕಲಿತದ್ದು ಮರೆತುಹೋಗುತ್ತೆ ಅನ್ನುವ ದೂರಿಗೆ ಇದೇ ಮದ್ದು. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ ಮರೆವು ಹೇಗೆ ನಡೆಯುತ್ತದೆ ಅಂತ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ. ಮಧ್ಯೆ ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ನಿಲ್ಲುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಲೇಖಕರು ಇದನ್ನು ಡಬ್ಬಿಗಳ ಲೆಕ್ಕಕ್ಕೆ ತಂದರು. ಗೊತ್ತಾದ ಕಾರ್ಡ್ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಬೇಕು. ತಪ್ಪಿದ್ದು ಮೊದಲ ಡಬ್ಬಿಗೆ ವಾಪಸ್, ಅದನ್ನು ಬೇಗ ನೋಡಬೇಕು. ಆಂಕಿ ಅನ್ನುವ ಆ್ಯಪ್ ಮಾಡುವುದೂ ಈ ಜಾತಿಯ ಕೆಲಸವೇ, ಡಬ್ಬಿಯ ಬದಲು ತಾನೇ ಲೆಕ್ಕ ಇಡುತ್ತದೆ. ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಅದು ಬಿಟ್ಟಿ, ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಮದುವೆ ಕರೆಯೋಲೆಯ ರಟ್ಟನ್ನು ಕತ್ತರಿಸಿ ಚಪ್ಪಲಿ ಡಬ್ಬಿಯಲ್ಲಿ ಇಟ್ಟುಕೊಂಡರೂ ಕೆಲಸ ಆಗುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಕಾರ್ಡಿನಲ್ಲಿ ಒಂಟಿ ಪದ ಬರೆಯಬೇಡಿ, ಜೋಡಿ ಬರೆಯಿರಿ. ಒಂದು ಕಡೆ 'ನಿನ್ನೆ ರಾತ್ರಿ ಮಗುವಿಗೆ ಜೋರು ಜ್ವರ', ಇನ್ನೊಂದು ಕಡೆ ಪೂರ್ತಿ ಇಂಗ್ಲಿಷ್ ವಾಕ್ಯ. ಕನ್ನಡ ನೋಡಿ ಇಂಗ್ಲಿಷ್ ಹೇಳಬೇಕು. ಉಲ್ಟಾ ಮಾಡಿದರೆ ಸುಮ್ನೆ ಗುರುತು ಹಿಡಿಯುವ ಆಟವಾಗುತ್ತದೆ. ಬೇರೆಯವರು ಮಾಡಿಟ್ಟ ಸಾವಿರ ಪದಗಳ ಕಟ್ಟನ್ನು ಇಳಿಸಿಕೊಳ್ಳುವ ಆಸೆ ಬೇಡ. ನೀವು ಓದಿದ, ನಿಮಗೆ ಬೇಕಾದ ವಾಕ್ಯಗಳೇ ತಲೆಯಲ್ಲಿ ನಿಲ್ಲುವುದು.

ಇದಕ್ಕೆ ದಿನಾ ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ತಪ್ಪಬಾರದು. ಒಂದು ವಾರ ಊರಿಗೆ ಹೋಗಿ ಬಂದರೆ ಕಾರ್ಡುಗಳು ರಾಶಿ ಬಿದ್ದಿರುತ್ತವೆ. ಅದನ್ನು ನೋಡಿಯೇ ಬಹಳ ಜನ ಬಿಟ್ಟುಬಿಡುತ್ತಾರೆ.

ಓದು: ನಿಧಾನ, ಆದರೆ ಬುಡ ಗಟ್ಟಿ

ಪದ ಯಾವ ಸಂದರ್ಭದಲ್ಲಿ, ಯಾರ ಬಾಯಲ್ಲಿ, ಯಾವುದರ ಜೊತೆ ಬರುತ್ತದೆ ಅನ್ನೋದನ್ನ ಓದಿನಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಆದರೆ ಮಟ್ಟ ನೋಡಿ ಆರಿಸಬೇಕು. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಶನ್ 2006ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಇಂಗ್ಲಿಷ್ ಕಾದಂಬರಿ ಅಥವಾ ಪತ್ರಿಕೆ ಓದಲು 8000ದಿಂದ 9000 ಪದಕುಟುಂಬಗಳು ಗೊತ್ತಿರಬೇಕು. 'ಹೆಲ್ಪ್', 'ಹೆಲ್ಪ್‌ಫುಲ್', 'ಹೆಲ್ಪ್‌ಲೆಸ್' ಎಲ್ಲ ಸೇರಿ ಒಂದು ಕುಟುಂಬ. ಸಾಲಿಗೆ ನಾಲ್ಕು ಗೊತ್ತಿಲ್ಲದ ಪದ ಬರುವ ಪುಸ್ತಕ ಹಿಡಿದು, ಹತ್ತನೇ ಪುಟಕ್ಕೆ ಕೈಬಿಟ್ಟು, ತಮಗೆ ಬುದ್ಧಿ ಸಾಲದು ಅಂತ ಕೊರಗುವವರು ಇದನ್ನು ತಿಳಿದಿರಬೇಕು. ಬುದ್ಧಿಯದ್ದಲ್ಲ ಸಮಸ್ಯೆ, ಪುಸ್ತಕದ ಆಯ್ಕೆಯದ್ದು.

ಅಂಥವರಿಗೆ ಗ್ರೇಡೆಡ್ ರೀಡರ್ ಅನ್ನುವ ಪುಸ್ತಕಗಳಿವೆ. ಇಷ್ಟೇ ಪದಗಳಲ್ಲಿ ಕಥೆ ಹೇಳಬೇಕು ಅಂತ ಲೆಕ್ಕ ಹಾಕಿ ಬರೆದವು. ಈ ದಾರಿ ಹಾಕಿದವರಲ್ಲಿ ಮೈಕೆಲ್ ವೆಸ್ಟ್ ಮುಖ್ಯ. 1920ರ ದಶಕದಲ್ಲಿ ಅವರು ಢಾಕಾದಲ್ಲಿದ್ದು, ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡು ನೋಡಿ ಸುಲಭ ಪದಗಳ ಓದುಪುಸ್ತಕ ಬರೆದರು. ಅತಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು. ನಮ್ಮಂಥ ಮಕ್ಕಳ ಕಷ್ಟದಿಂದಲೇ ಹುಟ್ಟಿದ ಪುಸ್ತಕಗಳು ಇವು. ಅವನ್ನು ಓದಲು ದೊಡ್ಡವರು ನಾಚಿಕೊಳ್ಳಬೇಕಿಲ್ಲ.

ಇನ್ನು ದಿನಪತ್ರಿಕೆ. ಕರ್ನಾಟಕದವರಿಗೆ ಇಲ್ಲೊಂದು ಅನುಕೂಲ ಇದೆ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯವು, ಎರಡೂ 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದವು. ಒಂದು ಸುದ್ದಿಯನ್ನು ಮೊದಲು ಪ್ರಜಾವಾಣಿಯಲ್ಲಿ ಓದಿ. ಏನಾಯಿತು ಅಂತ ಗೊತ್ತಾದ ಮೇಲೆ ಅದೇ ಸುದ್ದಿಯನ್ನು ಡೆಕ್ಕನ್ ಹೆರಾಲ್ಡ್‌ನಲ್ಲಿ ಓದಿ. ಅಣೆಕಟ್ಟೆಯ ಗೇಟು ತೆರೆದರು, ನದಿ ಅಪಾಯದ ಮಟ್ಟ ಮೀರಿತು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ ಬಳಸಿದ್ದಾರೆ ನೋಡಿ. ಅರ್ಥ ಹುಡುಕುವ ಕಷ್ಟ ಇರುವುದಿಲ್ಲ, ಗಮನವೆಲ್ಲ ಪದದ ಮೇಲೆ. ಊರಿನ ಲೈಬ್ರರಿಯಲ್ಲಿ ಎರಡೂ ಇದ್ದರೆ ಖರ್ಚೂ ಇಲ್ಲ. ಹೆಡ್‌ಲೈನುಗಳ ಇಂಗ್ಲಿಷನ್ನು ಮಾತ್ರ ಮಾತಿಗೆ ತರಬೇಡಿ. ಜಾಗ ಉಳಿಸಲು ಅವರು ಬರೆಯುವ ಶೈಲಿಯೇ ಬೇರೆ.

ಓದಿನ ಕೊರತೆ ಏನು ಗೊತ್ತಾ? ತಿಂಗಳೊಪ್ಪತ್ತಿನಲ್ಲಿ ಪರೀಕ್ಷೆ ಇರುವವರಿಗೆ ಇದೊಂದೇ ಸಾಲದು. ಬಾಯಿಗೆ ಬರುವುದಂತೂ ಇನ್ನೂ ತಡ. ಕೇಳುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮದಂಥದ್ದನ್ನು ಬಸ್ಸಿನಲ್ಲಿ ಕೇಳಬಹುದು, ಬಿಟ್ಟಿ. ಆದರೆ ನಿಲ್ಲಿಸಿ, ಒಂದು ವಾಕ್ಯವನ್ನು ಜೋರಾಗಿ ಹೇಳಿ ನೋಡಿದರೆ ಮಾತ್ರ ಪ್ರಯೋಜನ.

ಕ್ಲಾಸು ಮತ್ತು ಚಾಟ್‌ಬಾಟ್

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸಾವಿರಾರು ರೂಪಾಯಿ ಕಟ್ಟುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಒಂದು ಗಂಟೆಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ನಾನು ಬರೆದದ್ದನ್ನು ಯಾರಾದರೂ ಓದಿ ತಿದ್ದುತ್ತಾರಾ? ಎರಡಕ್ಕೂ ನೇರ ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ದಿನಕ್ಕೆ ಹತ್ತು ಪದ ಬೋರ್ಡಿನ ಮೇಲೆ ಬರೆಯಿಸುವುದಕ್ಕೆ ಕ್ಲಾಸು ಬೇಕಾಗಿಲ್ಲ. ಸಂಕೋಚ ಬಿಡಿಸಿ ಮಾತಾಡಿಸುವ ಮೇಷ್ಟ್ರು ಸಿಕ್ಕರೆ ಮಾತ್ರ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ದಾರಿ.

ಈಗ ಎಐ ಚಾಟ್‌ಬಾಟ್‌ಗಳ ಕಾಲ. "ಇದನ್ನು ಚೆನ್ನಾಗಿ ಬರೆದುಕೊಡು" ಅಂದರೆ ಥಳಥಳ ಹೊಳೆಯುವ ಮೇಲ್ ಬರುತ್ತದೆ. ಮೇಲ್ ಹೋಯಿತು, ನೀವು ಕಲಿತದ್ದು ಏನೂ ಇಲ್ಲ. ಜೊತೆಗೆ ಅದು ಸಣ್ಣ ಮಾತಿಗೂ ದಪ್ಪ ಪದ ಹಾಕುತ್ತದೆ. ಅದರ ಬದಲು ಹೀಗೆ ಕೇಳಿ: "ರಿಪೋರ್ಟ್ ನಾಳೆ ಕೊಡುತ್ತೇನೆ ಅನ್ನೋದನ್ನ ಬಾಸ್‌ಗೆ, ಪಕ್ಕದ ಸೀಟಿನವರಿಗೆ, ಹೊಸ ಗ್ರಾಹಕರಿಗೆ ಹೇಗೆ ಹೇಳಬೇಕು? ಮೂರರಲ್ಲಿ ವ್ಯತ್ಯಾಸ ಏನು?" ಯಾರ ಮುಂದೆ ಯಾವ ಪದ ಅನ್ನುವ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಉತ್ತರದಲ್ಲಿ ಸಂಶಯ ಬಂದ ಪದವನ್ನು ಡಿಕ್ಷನರಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ದುಡ್ಡೇ ಬೇಡದ ಒಂದು ಅಭ್ಯಾಸ

ಮೇಲಿನ ಯಾವುದನ್ನು ಆರಿಸಿದರೂ ಇದನ್ನು ಜೊತೆಗಿಟ್ಟುಕೊಳ್ಳಿ. ಒಂದು ಸಿನಿಮಾ ಬಗ್ಗೆ ನೀವು ಹೀಗೆ ಬರೆದಿದ್ದೀರಿ ಅಂದುಕೊಳ್ಳಿ: "ದ ಸ್ಟೋರಿ ಈಸ್ ವೆರಿ ಗುಡ್. ದ ಆ್ಯಕ್ಟಿಂಗ್ ಈಸ್ ವೆರಿ ಗುಡ್. ದ ಸಾಂಗ್ಸ್ ಆರ್ ವೆರಿ ಗುಡ್." ಇಲ್ಲಿ 'ಗುಡ್' ಬದಲು 'ಎಕ್ಸಲೆಂಟ್', 'ಸೂಪರ್ಬ್', 'ಫೆಂಟಾಸ್ಟಿಕ್' ಹಾಕಿದರೆ ಪದ ಬೇರೆಯಾಯಿತು, ಹೇಳಿದ ಮಾತು ಬೇರೆಯಾಗಲಿಲ್ಲ. ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ, ಚೆನ್ನಾಗಿತ್ತು ಅಂದರೆ ಹೇಗೆ? ಕಥೆ ಕೊನೆವರೆಗೂ ಕುತೂಹಲ ಬಿಡಲಿಲ್ಲ. ಹಾಗಾದರೆ "ದ ಸ್ಟೋರಿ ಕೆಪ್ಟ್ ಮಿ ಗೆಸ್ಸಿಂಗ್". ನಟಿ ನಿಜವಾದ ಶಾಲಾ ಟೀಚರ್ ಥರವೇ ಕಂಡಳು. ಅದು "ಕನ್ವಿನ್ಸಿಂಗ್". ಹಾಡು ಮನೆಗೆ ಬಂದ ಮೇಲೂ ಬಾಯಲ್ಲಿತ್ತು. ಅದು "ಕ್ಯಾಚಿ". ಮೂರಕ್ಕೂ ಮೂರು ಬೇರೆ ಪದ ತಾನಾಗಿ ಬಂತು. ಏಕೆಂದರೆ ಹೇಳಬೇಕಾದ ಸಂಗತಿಯೇ ಬೇರೆ ಬೇರೆ. ಮಾತು ಎಷ್ಟು ಖಚಿತವಾಗುತ್ತದೋ ಪದವೂ ಅಷ್ಟು ಬಗೆಬಗೆಯಾಗುತ್ತದೆ.

ಎಲ್ಲ ಕಡೆಯೂ ಪದ ಬದಲಿಸಬೇಕಿಲ್ಲ ಅನ್ನೋದೂ ಗೊತ್ತಿರಲಿ. ಆಫೀಸಿನ ಮೇಲ್‌ನಲ್ಲಿ ಒಂದು ಕಡೆ 'ಇನ್‌ವಾಯ್ಸ್', ಇನ್ನೊಂದು ಕಡೆ 'ಬಿಲ್', ಮತ್ತೊಂದು ಕಡೆ 'ಸ್ಟೇಟ್‌ಮೆಂಟ್' ಅಂದರೆ ಓದುವವರು ಮೂರು ಕಾಗದ ಹುಡುಕುತ್ತಾರೆ. ವಸ್ತುವಿನ ಹೆಸರು ಅದದೇ ಬರಲಿ.

ಈಗ ನಿಮ್ಮ ಲೆಕ್ಕ

ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು: ಬರವಣಿಗೆ, ಮಾತು ಎರಡರಲ್ಲೂ ಅಂಕ ಕೊಡುವ ನಾಲ್ಕು ಅಂಶಗಳಲ್ಲಿ ಒಂದು ಪದಬಳಕೆ. ಅಂದರೆ ಕಾಲು ಭಾಗ. ಅಪರೂಪದ ಪದ ಹಾಕಿ ತಪ್ಪಿದರೆ ಒಂಬತ್ತಕ್ಕೆ ಆರು ಅಂಕದ ಆಸುಪಾಸಿನಲ್ಲೇ ನಿಲ್ಲುತ್ತೀರಿ. ಏಳರ ವಿವರಣೆಯಲ್ಲಿ ಪದಜೋಡಿಯ ಅರಿವು ಇರಬೇಕು ಅಂತಲೇ ಬರೆದಿದೆ. ಹಾಗಾಗಿ ಕೊಲೊಕೇಶನ್ ಡಿಕ್ಷನರಿ, ಅದರಿಂದ ಮಾಡಿಕೊಂಡ ನಿಮ್ಮದೇ ಕಾರ್ಡುಗಳು, ಪ್ರಬಂಧ ತಿದ್ದಲು ಒಬ್ಬ ಮೇಷ್ಟ್ರು. ದುಡ್ಡು ಖರ್ಚು ಮಾಡುವುದಿದ್ದರೆ ತಿದ್ದಿಸುವುದಕ್ಕೆ ಮಾಡಿ.

ಆಫೀಸಿನವರು: ಚಾಟ್‌ಬಾಟ್‌ಗೆ ಮೇಲೆ ಹೇಳಿದ ಥರದ ಪ್ರಶ್ನೆ, ನೆಟ್‌ನಲ್ಲಿ ಡಿಕ್ಷನರಿ. ಚೆನ್ನಾಗಿ ಬರೆಯುವ ಸಹೋದ್ಯೋಗಿಯ ಮೇಲ್‌ಗಳನ್ನು ಗಮನವಿಟ್ಟು ಓದಿ, ಅವರ ಒಂದೆರಡು ವಾಕ್ಯ ಎತ್ತಿಟ್ಟುಕೊಳ್ಳಿ. ಕ್ಲಾಸು ಬೇಕಾಗಲಾರದು.

ಡಿಗ್ರಿ ಓದುತ್ತಿರುವವರು, ಮುಂದೆ ಎರಡು ಮೂರು ವರ್ಷ ಸಮಯ ಇರುವವರು: ಓದಿ. ಗ್ರೇಡೆಡ್ ರೀಡರ್‌ನಿಂದ ಶುರು ಮಾಡಿ, ಜೋಡಿ ಪತ್ರಿಕೆಗೆ ಬನ್ನಿ, ಆಮೇಲೆ ಇಷ್ಟದ ಪುಸ್ತಕ. ಇಷ್ಟು ಸಮಯ ಮುಂದೆ ಸಿಗುವುದಿಲ್ಲ.

ಮಾತಿಗೆ ನಿಂತರೆ ಎದೆ ಹೊಡೆದುಕೊಳ್ಳುವವರು: ನಿಮಗೆ ಸದ್ಯಕ್ಕೆ ಬೇಕಾದದ್ದು ಪದ ಅಲ್ಲ, ಮಾತಾಡಲು ಜನ. ಒಳ್ಳೆಯ ಕ್ಲಾಸೋ, ದಿನಾ ಹದಿನೈದು ನಿಮಿಷ ಇಂಗ್ಲಿಷಿನಲ್ಲೇ ಮಾತಾಡೋಣ ಅಂತ ಒಪ್ಪುವ ಗೆಳತಿಯೋ ಮೊದಲು. ಪಟ್ಟಿ, ಕಾರ್ಡು ಎಲ್ಲ ಆಮೇಲೆ.

ಮಕ್ಕಳಿಗೆ ಹೇಳಿಕೊಡುತ್ತಾ ತಾವೂ ಕಲಿಯುತ್ತಿರುವ ಅಪ್ಪ ಅಮ್ಮಂದಿರಿಗೆ ಸಮಯವೇ ಇರುವುದಿಲ್ಲ. ಅಂಥವರು ಮಗುವಿನ ಕಥೆಪುಸ್ತಕವನ್ನೇ ಜೋರಾಗಿ ಓದಲಿ. ಅದರಲ್ಲಿ ಕಂಡ ಒಂದು ಜೋಡಿಯನ್ನು ಅವತ್ತೇ ಮಗುವಿನ ಹತ್ತಿರ ಬಳಸಲಿ. ವಾರಕ್ಕೆ ಐದು ಜೋಡಿ ಬಂದರೂ ಸಾಕು, ಇನ್ನೇನೂ ಕೊಳ್ಳಬೇಕಿಲ್ಲ.